ನಾನು ತಿನ್ನದ ಮುಟಗಿ

ನನ್ನ ಕಾದಂಬರಿಯ ಒಂಬತ್ತನೆಯ ಅಧ್ಯಾಯದಲ್ಲಿ ನಾಯಕಿ ಗುರುತಿಲ್ಲದ ಮನೆಯೊಂದರ ಒಲೆಯ ಮುಂದೆ ಕೂತು ಮುಟಗಿ ತಿನ್ನುತ್ತಾಳೆ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನ ಜೊತೆ ಒರಳಿನಲ್ಲಿ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಒತ್ತಿದರೆ ಅದೇ ಮುಟಗಿ. ಆ ಮನೆಯ ಹೆಣ್ಣುಮಗಳು ಅದನ್ನು ತನ್ನ ಅಂಗೈಯಿಂದ ನಾಯಕಿಯ ಅಂಗೈಗೆ ಇಡುತ್ತಾಳೆ. ನಾಯಕಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಅಳುತ್ತಾಳೆ. ಮೂವತ್ತು ವರ್ಷ ಗಡಿಯಾರ ನೋಡಿ ಉಂಡವಳಿಗೆ ಹಸಿವು ಎಂದರೇನು ಎಂಬುದು ಅವತ್ತು ಮೊದಲ ಸಲ ತಿಳಿಯುತ್ತದೆ. ಓದಿದವರೆಲ್ಲ ಮೆಚ್ಚಿಕೊಂಡ ಅಧ್ಯಾಯ ಅದು. ಆ ಮನೆ ಇದ್ದದ್ದು ನಿಜ. ಆ ಹೆಣ್ಣುಮಗಳೂ ನಿಜ, ಅವಳು ಅಂಗೈಯಲ್ಲಿ ಹಿಡಿದು ನಿಂತ ಮುಟಗಿಯೂ ನಿಜ. ಆದರೆ ನಾನು ಅದನ್ನು ತಿನ್ನಲಿಲ್ಲ.

ನಾನು ಶಿಸ್ತಿನಲ್ಲಿ ಬೆಳೆದವಳು. ಧಾರವಾಡದ ಹಾಸ್ಟೆಲಿನಲ್ಲಿ ಏಳು ವರ್ಷ ಗಂಟೆಯ ಸದ್ದಿಗೆ ಎದ್ದೆ, ಗಂಟೆಯ ಸದ್ದಿಗೆ ಉಂಡೆ, ಗಂಟೆಯ ಸದ್ದಿಗೆ ಮಲಗಿದೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಆಸ್ಪತ್ರೆಯೊಂದರ ಅಡುಗೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ಯಾವ ರೋಗಿಗೆ ಎಷ್ಟು ಅನ್ನ, ಎಷ್ಟು ಬೇಳೆ, ಎಷ್ಟು ಉಪ್ಪು ಎಂದು ಗ್ರಾಮಿನಲ್ಲಿ ಬರೆದುಕೊಡುವುದು, ಬರೆದಂತೆ ಬೇಯುತ್ತದೋ ಇಲ್ಲವೋ ನಿಂತು ನೋಡುವುದು ನನ್ನ ಕೆಲಸ. ತಲೆಗೆ ಟೊಪ್ಪಿಗೆ, ಕೈಗೆ ಗವಸು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಂದವರನ್ನು ಗಾಯ ಮಾಯುವ ತನಕ ಒಳಗೆ ಬಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಹೀಗೆ ನಡೆಯಿತು. ನಾನು ಬೆಳಿಗ್ಗೆ ಏಳೂವರೆಗೆ ತಿಂಡಿ, ಹನ್ನೆರಡೂವರೆಗೆ ಊಟ, ಸಂಜೆ ಏಳೂವರೆಗೆ ಊಟ ಮಾಡುವವಳು. ಈಗಲೂ ಅದೇ.

ನಿವೃತ್ತಿಯಾದ ಮೇಲೆ ಕನ್ನಡ ವಾರಪತ್ರಿಕೆಯೊಂದಕ್ಕೆ ಅಡುಗೆಯ ಅಂಕಣ ಬರೆಯಲು ಶುರು ಮಾಡಿದೆ. ಮೊದಮೊದಲು ಆಸ್ಪತ್ರೆಯ ಅನುಭವವನ್ನೇ ಬರೆದೆ. ಅದು ಮುಗಿಯಿತು. ಓದುಗರು ತಮ್ಮ ಊರಿನ ಅಡುಗೆಗಳ ಬಗ್ಗೆ ಪತ್ರ ಬರೆಯತೊಡಗಿದರು, ಬಂದು ನೋಡಿ ಎಂದು ಕರೆದರು. ಹೊರಟೆ. ಬೆಳಗಾವಿ, ವಿಜಯಪುರ, ಸೊಲ್ಲಾಪುರದ ಕಡೆಯ ಹಳ್ಳಿಗಳಿಗೆ ಆರು ವರ್ಷ ಬಸ್ಸಿನಲ್ಲಿ ತಿರುಗಿದೆ.

ಹೋಗುವಾಗ ಚೀಲದಲ್ಲಿ ಮೂರು ವಸ್ತು ಇರುತ್ತಿದ್ದವು. ಒಂದು ಸಣ್ಣ ತಕ್ಕಡಿ, ಒಂದು ನೂರು ಪುಟದ ವಹಿ, ನನ್ನ ಬುತ್ತಿ. ಬುತ್ತಿಯಲ್ಲಿ ನಾಲ್ಕು ಚಪಾತಿ, ಒಣ ಪಲ್ಯ, ಶೇಂಗಾ ಚಟ್ನಿ ಪುಡಿ, ಒಂದು ಬಾಳೆಹಣ್ಣು, ಕುದಿಸಿ ಆರಿಸಿದ ನೀರು. ನಮ್ಮ ಕಡೆ ದಾರಿಗೆ ಬುತ್ತಿ ಕಟ್ಟಿಕೊಳ್ಳದೆ ಯಾರೂ ಹೊರಡುವುದಿಲ್ಲ, ಅದರಲ್ಲಿ ವಿಶೇಷವಿಲ್ಲ. ಆದರೆ ಹೋದ ಮನೆಯಲ್ಲಿ ಕೂತು ಬುತ್ತಿ ಬಿಚ್ಚುವುದು ವಿಶೇಷ. ನಾನು ಅದನ್ನೇ ಮಾಡುತ್ತಿದ್ದೆ. ಅಡುಗೆ ಆಗುವಾಗ ಪಕ್ಕದಲ್ಲಿ ಕೂತು ಪ್ರತಿ ಸಾಮಾನನ್ನೂ ತೂಗಿ ಬರೆದುಕೊಳ್ಳುವುದು, ಆದ ಮೇಲೆ ಚಮಚೆಯ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ತಾಗಿಸಿ ನೋಡುವುದು, ಹನ್ನೆರಡೂವರೆಗೆ ಕೈ ತೊಳೆದು ನನ್ನ ಚಪಾತಿ ತಿನ್ನುವುದು. ವಹಿಯಲ್ಲಿ ತಲುಪಿದ ಹೊತ್ತು, ಅಡುಗೆಯ ಹೆಸರು, ತೂಕ, ನನ್ನ ಊಟದ ಹೊತ್ತು ಎಲ್ಲ ಬರೆದಿಡುತ್ತಿದ್ದೆ.

ಪ್ರತಿ ಸಲ ಮರಳಿ ಬಂದಾಗ ನನ್ನ ಯಜಮಾನರು ಬಾಗಿಲು ತೆಗೆಯುತ್ತ ಕೇಳುತ್ತಿದ್ದರು, "ಏನವಾ, ಊರ ಉಂಡ ಬಂದ್ಯೋ, ಬುತ್ತಿ ಉಂಡ ಬಂದ್ಯೋ?"

ನಾನು ನಗುತ್ತಿದ್ದೆ. ಆಗ ಅದು ನಗುವ ಮಾತೇ ಆಗಿತ್ತು.

ಆ ಮನೆಗೆ ಕರೆದವಳು ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ. "ನಮ್ಮ ಅವ್ವ ಮಾಡುವ ಮುಟಗಿಯನ್ನು ತಾವು ಬಂದು ಒಮ್ಮೆ ತಿನ್ನಬೇಕು" ಎಂದು ಗೆರೆ ಹಾಕಿದ ಹಾಳೆಯ ಮೇಲೆ ಪತ್ರ ಬರೆದಿದ್ದಳು. ವಿಜಯಪುರದಿಂದ ಎರಡು ತಾಸಿನ ದಾರಿ. ನಾನು ಹೋದ ದಿನ ಹುಡುಗಿ ಶಾಲೆಗೆ ಹೋಗಿದ್ದಳು, ಪರೀಕ್ಷೆ ಇತ್ತು. ತಾಯಿ ಒಬ್ಬಳೇ ಇದ್ದಳು, ನಲವತ್ತರ ಆಸುಪಾಸಿನ ಹೆಂಗಸು. ಒಲೆ ಹೊತ್ತಿಸಿ, ಹಿಟ್ಟು ನಾದಿಟ್ಟು, ಒರಳು ತೊಳೆದು ಕಾಯುತ್ತಿದ್ದಳು. ಬೆಳ್ಳುಳ್ಳಿ ಎಸಳುಗಳನ್ನು ನಾನು ತಕ್ಕಡಿಗೆ ಹಾಕಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಬಾಯಾರ, ಬಂಗಾರ ತೂಗಿದಂಗ ತೂಗತೀರಲ್ರಿ. ಇಷ್ಟ ತೂಗಿ ತಿಂದ್ರ ಹೊಟ್ಟಿ ತುಂಬತೈತೇನ್ರಿ?"

"ಓದೋರಿಗೆ ಅಳತಿ ಬೇಕ್ರಿ," ಎಂದೆ.

"ಓದೋರು ಮುಷ್ಟಿ ಹಿಡೀಲಿ. ಅವರವರ ಮುಷ್ಟಿ ಅವರವರಿಗೆ ಅಳತಿ."

ಆ ಮಾತನ್ನು ಬರೆದುಕೊಂಡೆ. ಅದೂ ಕಾದಂಬರಿಯಲ್ಲಿದೆ.

ರೊಟ್ಟಿ ಬೆಂದಿತು. ಸುಡುವ ರೊಟ್ಟಿಯನ್ನು ಹರಿದು ಒರಳಿಗೆ ಹಾಕಿ ಕುಟ್ಟಿದಳು. ಕೈಯಲ್ಲಿ ತೆಗೆದುಕೊಂಡು ಒತ್ತಿದಳು, ಹೆಬ್ಬೆರಳಿನಿಂದ ನಡುವೆ ಕುಳಿ ಮಾಡಿ ತುಪ್ಪ ಬಿಟ್ಟಳು. ಅವಳ ನಾಲ್ಕು ಬೆರಳಿನ ಗುರುತು ಮುಟಗಿಯ ಮೇಲೆ ಎದ್ದು ಕಾಣುತ್ತಿತ್ತು. ಆ ಕೈಯನ್ನು ಹಾಗೆಯೇ ನನ್ನ ಮುಂದೆ ಚಾಚಿದಳು. "ಹಿಡೀರಿ. ಆರಿದ್ರ ಮಜಾ ಇರಂಗಿಲ್ಲ."

ತೋರುಬೆರಳಿಗೆ ಹಳೆಯ ಅರಿವೆಯ ಚೂರು ಕಟ್ಟಿಕೊಂಡಿದ್ದಳು. ನಾನು ಅದನ್ನು ನೋಡಿದೆ. ಆಮೇಲೆ ಕೈಗಡಿಯಾರ ನೋಡಿದೆ. ಹನ್ನೆರಡೂ ಇಪ್ಪತ್ತೈದು.

"ನಂದು ಹನ್ನೆರಡೂವರಿಗೆ ಊಟ ರೀ. ಬುತ್ತಿ ತಂದೀನಿ. ಔಷಧ ಅದ, ಹೊತ್ತ ತಪ್ಪಸಂಗಿಲ್ಲ," ಎಂದೆ. ಔಷಧವೇನೂ ಇರಲಿಲ್ಲ.

ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಅರ್ಥವಾಗದವಳ ಹಾಗೆ ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ತುಪ್ಪ ಅವಳ ಮಣಿಕಟ್ಟಿನ ತನಕ ಇಳಿಯಿತು. ಚಮಚೆಯ ತುದಿಯಲ್ಲಿ ರುಚಿ ನೋಡುವ ನನ್ನ ಪದ್ಧತಿಯನ್ನೂ ಅವತ್ತು ನಾನು ಪಾಲಿಸಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ ಎರಡು ಚಪಾತಿ ತಿಂದೆ. ಅವಳು ಒಳಗಿನಿಂದ ಬಂದು ಒಂದು ಲೋಟ ಮಜ್ಜಿಗೆ ಪಕ್ಕದಲ್ಲಿಟ್ಟಳು. ಅದನ್ನೂ ಮುಟ್ಟಲಿಲ್ಲ. ಎದುರು ಮನೆಯ ಮುದುಕಿಯೊಬ್ಬಳು ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದಳು.

ಹೊರಡುವಾಗ ಎರಡು ರೊಟ್ಟಿ, ನಡುವೆ ಆ ಮುಟಗಿ ಇಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿ ನನ್ನ ಚೀಲದೊಳಗೆ ತಾನೇ ಇಟ್ಟಳು. "ಸಂಜಿಗೆ ತಿನ್ರಿ ಬಾಯಾರ. ನಿಮ್ಮ ಹೊತ್ತಿಗೆ ತಿನ್ರಿ," ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ಒಂದು ಆಕಳು ನಿಂತಿತ್ತು. ಗಂಟು ಬಿಚ್ಚಿ ಅದರ ಮುಂದೆ ಇಟ್ಟೆ. ಆಕಳಿಗೆ ಹಾಕಿದರೆ ಅನ್ನ ಕೆಡಿಸಿದಂತಲ್ಲ, ಪುಣ್ಯದ ಕೆಲಸವೇ ಎಂದುಕೊಂಡೆ. ಆಕಳು ರೊಟ್ಟಿ ತಿಂದಿತು. ಮುಟಗಿಯನ್ನು ಮೂಸಿ ಮುಖ ತಿರುಗಿಸಿತು. ಅದು ಧೂಳಿನಲ್ಲಿ ಉರುಳಿತು. ನಾಲ್ಕು ಬೆರಳಿನ ಗುರುತು ಹಾಗೇ ಇತ್ತು. ಬಸ್ಸು ಬಂತು, ಹತ್ತಿದೆ.

ಮನೆಗೆ ಬಂದು ಮರುದಿನ ನನ್ನ ಅಡುಗೆಮನೆಯಲ್ಲಿ ಅದೇ ತೂಕದಲ್ಲಿ ಮುಟಗಿ ಮಾಡಿದೆ. ಒರಳು ಇಲ್ಲದ್ದರಿಂದ ಮಿಕ್ಸಿಯಲ್ಲಿ ತಿರುವಿದೆ. ಸ್ಟೀಲಿನ ಬಟ್ಟಲಿನಲ್ಲಿ ಹಾಕಿ, ಚಮಚೆಯಿಂದ ತಿಂದು, ರುಚಿ ಬರೆದುಕೊಂಡೆ. ಅಂಕಣ ಅಚ್ಚಾಯಿತು. ಅಲ್ಲಿಗೆ ಅದನ್ನು ಮರೆತೆ.

ಕೆಲ ವರ್ಷಗಳ ಮೇಲೆ ಕಾದಂಬರಿ ಬರೆದೆ. ಹೊರಗೆ ಹೋಗುವುದು ಕಡಿಮೆಯಾಗಿತ್ತು, ವಹಿಗಳು ಕಪಾಟು ತುಂಬಿದ್ದವು. ನಾಯಕಿ ಪುಣೆಯ ಆಸ್ಪತ್ರೆಯ ಅಡುಗೆ ವಿಭಾಗದಲ್ಲಿದ್ದವಳು. ಕೆಲಸ ಬಿಟ್ಟು ಊರೂರು ತಿರುಗುತ್ತಾಳೆ, ಯಾರ ಮನೆಯಲ್ಲಾದರೂ ಕೂತು ಉಣ್ಣುತ್ತಾಳೆ, ಉಣ್ಣುತ್ತ ಉಣ್ಣುತ್ತ ತಾನು ಯಾರು ಎಂಬುದನ್ನು ಕಂಡುಕೊಳ್ಳುತ್ತಾಳೆ. ಎಲ್ಲದರಲ್ಲೂ ಅವಳು ನಾನೇ. ಒಂದರಲ್ಲಿ ಮಾತ್ರ ಅಲ್ಲ. ಬರೆಯುವಾಗ ಅದು ನನಗೆ ಸುಳ್ಳು ಅನ್ನಿಸಲಿಲ್ಲ, ಕಾದಂಬರಿ ಅನ್ನಿಸಿತು. ಪುಸ್ತಕದ ಹಿಂದಿನ ಪುಟದಲ್ಲಿ ಪ್ರಕಾಶಕರು "ಲೇಖಕಿ ಸ್ವತಃ ಉಂಡು ಕಂಡ ಮನೆಗಳ ಕಥೆ" ಎಂದು ಹಾಕಿದರು. ಕರಡು ನೋಡಿದವಳು ನಾನು. ಒಂದು ಕಾಗುಣಿತದ ತಪ್ಪನ್ನೂ ಬಿಡದವಳು, ಆ ಸಾಲನ್ನು ಬಿಟ್ಟೆ.

ಪುಣೆಯ ಕನ್ನಡಿಗರ ಸಭೆಗಳಲ್ಲಿ ಓದಲು ಕರೆದರು. ನಾನು ಒಂಬತ್ತನೆಯ ಅಧ್ಯಾಯವನ್ನೇ ಓದುತ್ತಿದ್ದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು ರೂಢಿಯಾಗಿತ್ತು. ಅಂಗೈಯಿಂದ ಅಂಗೈಗೆ ಎನ್ನುವಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಮ್ಮೆ ನಾನೂ ಒರೆಸಿಕೊಂಡೆ.

ಒಂದು ಬೆಳಿಗ್ಗೆ ಫೋನ್ ಬಂತು.

"ಕಾಕೂ, ನಮಸ್ಕಾರ್ರಿ. ಖರಾಡಿಯಿಂದ ಮಾತಾಡಾಕತ್ತೀನ್ರಿ. ನನ್ನ ಗುರ್ತ ಹತ್ತಂಗಿಲ್ಲ ಬಿಡ್ರಿ ನಿಮಗ. ಒಂಬತ್ತನೇ ಅಧ್ಯಾಯದ ಮನಿ ಹುಡುಗಿ ನಾ."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಪತ್ರ ಬರದಿದ್ದಿ ನೀನು," ಎಂದೆ.

"ಹೌದ್ರಿ! ನೆನಪೈತಲ್ರಿ ನಿಮಗ!" ದನಿಯಲ್ಲಿ ಖುಷಿ ತುಂಬಿತ್ತು. ಪುಣೆಯದೇ ಖರಾಡಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳಂತೆ, ಗೆಳತಿಯೊಬ್ಬಳ ಜೊತೆ ಫ್ಲ್ಯಾಟ್ ಹಿಡಿದಿದ್ದಾಳಂತೆ. ಆ ಗೆಳತಿಯೇ ಪುಸ್ತಕ ತಂದುಕೊಟ್ಟಳಂತೆ. "ಅವ್ವಗ ಫೋನಿನ್ಯಾಗ ಪೂರಾ ಓದಿ ಹೇಳಿದ್ನಿರಿ. ಸುಮ್ನ ಕೇಳಿದ್ಲು. ಮುಗದ ಮ್ಯಾಲ ಅಳಾಕ ಹತ್ತಿದ್ಲು. 'ತಿಂದಾರಲ್ಲವಾ, ದಾರ್ಯಾಗರ ತಿಂದಾರಲ್ಲ' ಅಂದ್ಲು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಿಮಗ ಹೇಳಬ್ಯಾಡ ಅಂದಿದ್ಲು, ಆದ್ರೂ ಹೇಳ್ತೀನ್ರಿ. ಅವತ್ತ ನೀವು ತಿನ್ನದನ ಹ್ವಾದ್ರಿ ನೋಡ್ರಿ, ನಮ್ಮ ಮನ್ಯಾಂದು ಅಂತನ ಬಿಟ್ಟ ಹ್ವಾದ್ರು ಅಂತ ಅಕಿ ಮನಸಿನ್ಯಾಗ ಕುಂತಿತ್ತು. ಎದುರು ಮನಿ ಮುದುಕಿ ಒಬ್ಬಾಕಿ, ಸಿಕ್ಕಾಗೆಲ್ಲ 'ಪುಣಾದ ಬಾಯಿ ನಿನ್ನ ಕೈಯಾಂದು ಮುಟ್ಟಲಿಲ್ಲಲ್ಲಬೇ' ಅಂತ ಚ್ಯಾಷ್ಟಿ ಮಾಡ್ತಿತ್ತು. ಈಗ ಅವ್ವ ಪುಸ್ತಕ ತರಿಸಿ ಮುದುಕಿ ಮುಂದ ಇಟ್ಟಾಳ್ರಿ. ಇಡೀ ಓಣಿಗೆ ಹೇಳ್ಯಾಳ. ಮುಂದಿನ ವಾರ ನನ್ನ ಕಡೆ ಬರಾಕತ್ತಾಳ. ನೀವು ಐತವಾರ ಊಟಕ್ಕ ಬರಬೇಕ್ರಿ. ಬಿಸಿ ಮುಟಗಿ ಹಾಕತಾಳಂತ. ಇಲ್ಲ ಅನಬ್ಯಾಡ್ರಿ ಕಾಕೂ."

ಬರುತ್ತೇನೆ ಎಂದೆ.

ಯಜಮಾನರಿಗೆ ಎಲ್ಲ ಹೇಳಿದೆ, ಆಕಳ ಸಂಗತಿಯನ್ನೂ. ಅದನ್ನು ಅವರಿಗೆ ಮೊದಲ ಸಲ ಹೇಳಿದ್ದು. ಪೇಪರು ಮಡಿಸಿಟ್ಟು ಕೇಳಿದರು. "ಹೋಗು, ಉಣ್ಣು, ಬಾ. ಆಕಿಗೆ ಭಾಳ ಸಂತೋಷ ಆಗೇದ. ಅದನ್ನ್ಯಾಕ ಕೆಡಸ್ತಿ?" ಎಂದರು. "ನೀ ತಿನ್ನಲಿಲ್ಲ ಅಂದ್ರ ಕೈಗೆ ಗಾಯ ಆಗಿತ್ತು, ನಿನಗ ಹೊತ್ತಾಗಿತ್ತು. ಬ್ಯಾರೆ ಏನ ಅದ ಇದರಾಗ?"

ಬೇರೇನಿಲ್ಲ ಎಂದು ನನಗೂ ಅನ್ನಿಸಿತು. ಖಾತ್ರಿ ಮಾಡಿಕೊಳ್ಳೋಣ ಎಂದು ಮಧ್ಯಾಹ್ನ ವಹಿಗಳನ್ನು ತೆಗೆದು ಕೂತೆ. ಇದು ನನ್ನ ಹುಟ್ಟುಗುಣ. ಏನಾದರೂ ಸಂಶಯ ಬಂದರೆ ಬರೆದದ್ದನ್ನು ನೋಡುವುದು.

ಮೂವತ್ನಾಲ್ಕು ಮನೆಗೆ ಹೋಗಿದ್ದೆ. ಮೂವತ್ತು ಕಡೆ 'ಊಟ: ೧೨.೩೦, ಬುತ್ತಿ' ಎಂದಿತ್ತು. ನಾಲ್ಕು ಕಡೆ ಹಾಗಿರಲಿಲ್ಲ. ಒಂದರಲ್ಲಿ 'ಊಟ: ೧.೧೫, ಮನೆಯವರ ಒತ್ತಾಯ' ಎಂದಿತ್ತು. ಇನ್ನೊಂದರಲ್ಲಿ 'ಊಟ: ೨.೦೦, ಪೂಜೆ ತಡವಾಯಿತು'. ಮೂರನೆಯದರಲ್ಲಿ ಹೊತ್ತು ಬರೆಯಲು ಮರೆತಿದ್ದೆ, ನಾನು! ನಾಲ್ಕನೆಯದರಲ್ಲಿ 'ಹೋಳಿಗೆ, ಮೂರು ತಿಂದೆ' ಎಂದು ಬರೆದು ಅದರ ಕೆಳಗೆ, ನನ್ನದೇ ದುಂಡಗಿನ ಅಕ್ಷರದಲ್ಲಿ, 'ಪಾಪ, ಹೆಬ್ಬೆರಳು ಕೊಯ್ದುಕೊಂಡಿದ್ದರು, ಪಟ್ಟಿ ಕಟ್ಟಿಕೊಂಡೇ ತಟ್ಟಿ ಬಡಿಸಿದರು' ಎಂದಿತ್ತು.

ನಾಲ್ಕೂ ನಮ್ಮವರ ಮನೆಗಳು. ಉಳಿದ ಮೂವತ್ತರಲ್ಲಿ ನಮ್ಮವರ ಮನೆ ಒಂದೂ ಇರಲಿಲ್ಲ.

ಎರಡು ಸಲ ಎಣಿಸಿದೆ. ವಹಿ ಮುಚ್ಚಿದೆ. ನಾನು ಜಾತಿಯ ಮಾತಾಡಿದವಳಲ್ಲ, ಆಸ್ಪತ್ರೆಯಲ್ಲಿ ಎಲ್ಲರ ಜೊತೆ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿದವಳು. ಯಾರಾದರೂ ಹಾಗೆ ನಡೆದುಕೊಂಡರೆ ಬೈದವಳು. ಹಾಗೆಂದು ಮನಸ್ಸಿಗೆ ಹೇಳಿಕೊಳ್ಳುತ್ತಿರುವಾಗಲೇ, ಆ ಮೇಜಿನ ಮೇಲೂ ನಾನು ನನ್ನ ಡಬ್ಬಿಯನ್ನೇ ಉಂಡಿದ್ದು ನೆನಪಾಯಿತು. ಗಡಿಯಾರ, ಶುಚಿ, ತೂಕ ಎಂದು ನಾನು ಹೇಳಿಕೊಂಡಿದ್ದೆಲ್ಲ ಮೂವತ್ತು ಮನೆಗೆ ಒಂದು ನಿಯಮ, ನಾಲ್ಕು ಮನೆಗೆ ಇನ್ನೊಂದು ನಿಯಮ. ಆ ಹೆಣ್ಣುಮಗಳು ಓದು ಬರಹ ಬಾರದೆಯೇ ಮೊದಲ ದಿನವೇ ತಿಳಿದುಕೊಂಡದ್ದು ನನಗೆ ಇಷ್ಟು ವರ್ಷವಾದರೂ ತಿಳಿದಿರಲಿಲ್ಲ. ಈಗ ಅವಳು ನನ್ನ ಪುಸ್ತಕ ನಂಬಿ, ತಾನೇ ತಪ್ಪು ತಿಳಿದಿದ್ದೆ ಎಂದು ನನ್ನ ಸಲುವಾಗಿ ಅತ್ತಿದ್ದಳು.

ಅವತ್ತು ಸಂಜೆಯ ಊಟ ಏಳೂವರೆಗೆ ಆಗಲಿಲ್ಲ.

ಐತವಾರ ನಮ್ಮ ಕೊಂಢವಾದಿಂದ ರಿಕ್ಷಾ ಹಿಡಿದು ಹೋದೆ. ಬುತ್ತಿ ಕಟ್ಟಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಯಜಮಾನರ ಮಾತನ್ನೇ ತಿರುವಿ ಹಾಕುತ್ತಿದ್ದೆ. ಹೋಗು, ಉಣ್ಣು, ಬಾ. ಹೇಳಿದರೆ ಅವಳ ಸಂತೋಷ ಹೋಗುತ್ತದೆ. ಹೇಳದಿದ್ದರೆ ಎರಡನೆಯ ಸಲ ಅವಳ ಮುಂದೆ ಕೂತು ಮೋಸ ಮಾಡಿದಂತೆ. ಯೆರವಡಾ ದಾಟುವಾಗ ಹೇಳುವುದು ಬೇಡ ಎಂದು ನಿಶ್ಚಯಿಸಿದ್ದೆ. ಗೇಟಿನ ಕಾವಲುಗಾರ "ಕುಠೇ ಜಾಯಚಂಯ್ ಆಜಿ?" ಎಂದು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದಾಗ ಫ್ಲ್ಯಾಟಿನ ಸಂಖ್ಯೆ ಬಾಯಿಗೆ ಬರಲಿಲ್ಲ, ಚೀಟಿ ತೆಗೆದು ತೋರಿಸಿದೆ.

ತಾಯಿ ಬಾಗಿಲಲ್ಲೇ ನಿಂತಿದ್ದಳು. ಕೂದಲು ನೆರೆತಿತ್ತು, ಉಳಿದಂತೆ ಹಾಗೇ ಇದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು. "ಬರ್ರಿ ಬಾಯಾರ, ಬರ್ರಿ. ಸೊರಗೀರಿ. ತೂಗಿ ತೂಗಿ ತಿಂದ್ರ ಸೊರಗದ ಏನ ಮಾಡ್ತೀರಿ?"

ಮಗಳೂ ಅವಳ ಗೆಳತಿಯೂ ನಕ್ಕರು. ಗೆಳತಿ ಮೈಸೂರಿನ ಕಡೆಯ ಹುಡುಗಿ. "ಆಂಟಿ, ನಿಮ್ಮ ಬುಕ್ ನಾನು ಎರಡು ಸಲ ಓದಿದೀನಿ. ನೈಂತ್ ಚಾಪ್ಟರ್ ಅಂತೂ ಸೂಪರ್," ಎಂದಳು.

ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲಿನ ಸಣ್ಣ ಕುಟ್ಟಣಿ ಇತ್ತು. "ಇದರಾಗ ಏನ ಕುಟ್ಟಬೇಕ್ರಿ? ಕೂಸಿನ ಔಷಧ ಅರ್ಯಾಕ ಬರತೈತಿ ಇದು," ಎಂದು ತಾಯಿ ಮಗಳನ್ನು ಬೈದಳು. "ಮತ್ತೊಂದ ಮಾತ ಬಾಯಾರ. ಪುಸ್ತಕದಾಗ 'ಬೆಣ್ಣಿಯಂಗ ಕರಗಿತು' ಅಂತ ಬರದೀರಿ. ಮುಟಗಿ ಎಲ್ಲಿ ಕರಗತೈತ್ರಿ? ಅದನ್ನ ಅಗೀಬೇಕು. ನಾ ಅಂದ್ನಿ, ಪಾಪ, ಬಾಯಾರಿಗೆ ಹಲ್ಲ ಹೋಗ್ಯಾವೇನೋ ಅಂತ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಿಕ್ಸಿಯಲ್ಲಿ ತಿರುವಿದ್ದು ಕರಗುತ್ತದೆ.

ಊಟಕ್ಕೆ ಮೊದಲು ಮಗಳು ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು. "ಅವ್ವಗ ನಿಮ್ಮ ಬಾಯಿಂದ ಕೇಳಬೇಕಂತ್ರಿ, ಕಾಕೂ. ಬರೂ ಮುಂದ ದಾರ್ಯಾಗೂ ಅದನ ಹೇಳಕೋತ ಬಂದಾಳ." ಗೆಳತಿ ಫೋನು ಎತ್ತಿ ಹಿಡಿದಳು. ತಾಯಿ ಕೈ ಒರೆಸಿಕೊಂಡು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು. ಸೆರಗು ಸರಿಮಾಡಿಕೊಂಡಳು, ಪುರಾಣ ಕೇಳಲು ಕೂತವರ ಹಾಗೆ.

ಓದತೊಡಗಿದೆ. ಒಲೆ, ಹೊಗೆ, ರೊಟ್ಟಿ ತಟ್ಟುವ ಸದ್ದು. ಅವಳು ಪ್ರತಿ ಸಾಲಿಗೂ ತಲೆಯಾಡಿಸುತ್ತಿದ್ದಳು. "ಹೌದ್ರಿ, ಹಂಗನ ಇತ್ತು," ಎನ್ನುತ್ತಿದ್ದಳು. ಅಂಗೈ ಚಾಚಿದ ಸಾಲು ಬಂತು. ಅವಳಿಗೆ ಗೊತ್ತಿಲ್ಲದೆಯೇ ಅವಳ ಬಲಗೈ ಮಡಿಲಿನಿಂದ ಮೇಲೆ ಬಂದು ತೆರೆದುಕೊಂಡಿತು.

ಮುಂದಿನ ಸಾಲು ನನಗೆ ಓದಲಾಗಲಿಲ್ಲ. ಗೆಳತಿಗೆ ಫೋನು ಕೆಳಗಿಡಲು ಹೇಳಿದೆ.

"ನಾ ಇದನ್ನ ತಿಂದಿಲ್ಲರಿ," ಎಂದೆ.

"ಅವತ್ತ ತಿಂದಿಲ್ಲ, ನನಗ ಗೊತ್ತೈತಲ್ರಿ. ದಾರ್ಯಾಗ..."

"ದಾರ್ಯಾಗೂ ಇಲ್ಲ. ಬಸ್ ಸ್ಟ್ಯಾಂಡಿನಾಗ ಆಕಳಿಗೆ ಹಾಕಿದೆ."

ಅವಳು ನನ್ನನ್ನೇ ನೋಡಿದಳು. "ತಿಂತೇನ್ರಿ?"

"ರೊಟ್ಟಿ ತಿಂತು. ಮುಟಗಿ ಮೂಸಿ ಬಿಟ್ಟಿತು."

"ಬಳ್ಳೊಳ್ಳಿ ಹೆಂಗ ತಿಂದೀತ್ರಿ ದನ," ಎಂದು ನಕ್ಕಳು. ನಗು ಬಂದಷ್ಟೇ ಬೇಗ ಹೋಯಿತು. ತಾನೇ ನನಗೆ ದಾರಿ ಮಾಡಿಕೊಟ್ಟಳು. "ಕೈ ಬಟ್ಟಿಗೆ ಅರಿವಿ ಕಟಗೊಂಡಿದ್ನಿ ಅವತ್ತ. ಕುಡಗೋಲ ಹತ್ತಿತ್ತು. ನಿಮಗ ದವಾಖಾನಿ ರೂಢಿ. ಅದಕ್ಕ ಅಲ್ರೇನು?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳ ಮುಖ ಅದನ್ನೇ ಬೇಡುತ್ತಿತ್ತು. ಮಗಳ ಮುಖವೂ ಅದನ್ನೇ ಬೇಡುತ್ತಿತ್ತು.

"ಅದಕ್ಕಲ್ಲ," ಎಂದೆ. "ಕೈ ಕೊಯ್ಕೊಂಡವರ ಮನ್ಯಾಗ ನಾ ಉಂಡೀನಿ. ಹೊತ್ತ ಮೀರಿನೂ ಉಂಡೀನಿ. ನಮ್ಮವರ ಮನ್ಯಾಗ."

ಅವಳು ಚಾಚಿದ್ದ ಕೈಯನ್ನು ಆಗ ಕೆಳಗಿಳಿಸಿದಳು. ಗೆಳತಿ ಎದ್ದು ಒಳಗೆ ಹೋದಳು. ಸಿಟ್ಟು ಬಂದದ್ದು ಮಗಳಿಗೆ.

"ಮತ್ತ ಬರದಿದ್ದ್ಯಾಕ್ರಿ? ಅಳತಾಳಂತ, ಹಸಿವು ತಿಳೀತಂತ! ಅವ್ವ ಓಣಿಗೆಲ್ಲ ಹೇಳ್ಯಾಳ. ನಾಳೆ ಆ ಮುದುಕಿ ಮುಂದ ಏನ ಹೇಳಬೇಕ್ರಿ ಅಕಿ? ಈಗರ ಸುಮ್ಮ ಇರಬೇಕಿಲ್ರಿ? ಹೇಳಿ ನೀವು ಹಗುರಾದ್ರಿ. ನಾವು?"

ನಾನು ಹಗುರಾಗಿರಲಿಲ್ಲ, ಆದರೆ ಅದನ್ನು ಹೇಳುವ ಅಧಿಕಾರವೂ ನನಗಿರಲಿಲ್ಲ. "ಮುಂದಿನ ಮುದ್ರಣದಾಗ ತಿದ್ದತೀನಿ," ಎಂದೆ. "ಆ ಅಧ್ಯಾಯ ತಗದ ಹಾಕತೀನಿ. ಇಲ್ಲಾ ಖರೇ ಏನಾತು ಅದನ್ನ ಬರೀತೀನಿ." ತಪ್ಪಾದರೆ ತಿದ್ದುವುದು, ಅಷ್ಟೇ ನನಗೆ ಗೊತ್ತಿದ್ದ ದಾರಿ.

"ಬ್ಯಾಡ್ರಿ," ಎಂದಳು ತಾಯಿ. ದನಿ ಗಟ್ಟಿಯಾಗಿತ್ತು. "ಪುಸ್ತಕದಾಗ ಇದ್ದಂಗ ಇರಲಿ. ನಮ್ಮ ಓಣ್ಯಾಗ ನೀವು ನನ್ನ ಕೈಯಾಂದು ತಿಂದೀರಿ. ಅದನ್ನ ತಗೀಬ್ಯಾಡ್ರಿ. ನಿಮಗ ಬರದ ತೀರಬೇಕು ಅಂದ್ರ ಬ್ಯಾರೆ ಎಲ್ಲೆರ ಬರಕೋರಿ. ನಮ್ಮೂರ ಹೆಸರು, ನನ್ನ ಹೆಸರು ಬ್ಯಾಡ."

ಎದ್ದು ಒಳಗೆ ಹೋದಳು. ಕುಟ್ಟುವ ಸದ್ದು ಕೇಳಿಸಿತು. ಮಗಳು ಗೋಡೆ ನೋಡುತ್ತ ಕೂತಿದ್ದಳು. ನಾನು ಎದ್ದು ಹೊರಡಬೇಕೋ, ಕೂತಿರಬೇಕೋ ತಿಳಿಯದೆ ಕೂತಿದ್ದೆ. ತಾಯಿ ಬಂದು ತಾಟು ನನ್ನ ಮುಂದಿಟ್ಟಳು. ತಾಟಿನಲ್ಲಿ ಮುಟಗಿ ಇತ್ತು, ಪಕ್ಕದಲ್ಲಿ ಚಮಚೆ ಇತ್ತು. ಮಗಳಿಗೆ ಕೊಡುವಾಗ ಕೈಯಿಂದ ಕೈಗೇ ಕೊಟ್ಟಳು.

"ತಿನ್ರಿ. ಆರತೈತಿ," ಎಂದಳು. ಮನೆಗೆ ಬಂದವರಿಗೆ ಹೇಳುವ ಹಾಗೆ ಹೇಳಿದಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಚಮಚೆ ಬದಿಗಿಟ್ಟು ಕೈಯಿಂದ ಮುರಿದು ತಿಂದೆ. ಒರಟಾಗಿತ್ತು. ರೊಟ್ಟಿಯ ಕಂದಿದ ಅಂಚು ಹಲ್ಲಿಗೆ ಸಿಗುತ್ತಿತ್ತು, ಹಸಿ ಬೆಳ್ಳುಳ್ಳಿ ಮೂಗಿಗೆ ಏರುತ್ತಿತ್ತು, ಉಪ್ಪು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ನಾನು ಬರೆದದ್ದರಲ್ಲಿ ಒಂದು ಮಾತೂ ಇದಕ್ಕೆ ಹೊಂದುವಂತಿರಲಿಲ್ಲ. ಅಳು ಬರಲಿಲ್ಲ. ಅಳುವುದನ್ನು ಪುಸ್ತಕದಲ್ಲಿ ಮೊದಲೇ ಖರ್ಚು ಮಾಡಿದ್ದೆ. ಪೂರ್ತಿ ತಿಂದೆ. ಇನ್ನೊಂದು ಹಾಕಲೇ ಎಂದು ಅವಳು ಕೇಳಲಿಲ್ಲ, ನಾನು ಬೇಡಲಿಲ್ಲ. ಹೊರಡುವಾಗ ನಮಸ್ಕಾರ ಮಾಡಿದೆ. ಅವಳೂ ಮಾಡಿದಳು. "ಸಾವಕಾಶ ಹೋಗ್ರಿ," ಎಂದಳು. ಮಗಳು ಹೊರಗೆ ಬರಲಿಲ್ಲ.

ಮನೆಗೆ ಬಂದಾಗ ಯಜಮಾನರು ಬಾಗಿಲು ತೆಗೆದರು. ನನ್ನ ಮುಖ ನೋಡಿ, "ಹೇಳಿ ಬಂದೀ," ಎಂದರು. ಹೌದು ಎಂದೆ. "ನಿನ್ನ ಲೆಕ್ಕ ಸರಿ ಆತು. ಆಕೀದು?" ಎಂದು ಕೇಳಿ ಒಳಗೆ ಹೋದರು. ಅವರು ಅಷ್ಟು ಬಿರುಸಾಗಿ ಮಾತಾಡಿದ್ದು ಕಡಿಮೆ.

ನಾಲ್ಕು ತಿಂಗಳ ಮೇಲೆ ಎರಡನೆಯ ಮುದ್ರಣದ ಕರಡು ಬಂತು. ಮೇಜಿನ ಮೇಲೆ ಮೂರು ದಿನ ಇತ್ತು. ಬೇರೆ ಅಧ್ಯಾಯಗಳಲ್ಲಿ ತಿದ್ದಬೇಕಾದ್ದನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಹಿಂದಿನ ಪುಟದ 'ಸ್ವತಃ ಉಂಡು ಕಂಡ' ಎಂಬುದನ್ನು ಹೊಡೆದು ಹಾಕಿದೆ. ಒಂಬತ್ತನೆಯ ಅಧ್ಯಾಯದಲ್ಲಿ ಒಂದೇ ಒಂದು ಮಾತು ಬದಲಿಸಿದೆ. 'ಬೆಣ್ಣೆಯಂತೆ ಕರಗಿತು' ಎಂದಿದ್ದಲ್ಲಿ 'ಅಗಿದು ತಿಂದಳು' ಎಂದು ಮಾಡಿದೆ. ಉಳಿದದ್ದನ್ನು ಇದ್ದಂತೆಯೇ ಬಿಟ್ಟೆ. ನಾನು ಹೇಳಿದ ಸುಳ್ಳು ಈಗ ಅವಳದ್ದು, ಅದನ್ನು ಮರಳಿ ತೆಗೆದುಕೊಳ್ಳುವ ಹಕ್ಕು ನನಗಿಲ್ಲ. ಇಲ್ಲಿ ಬರೆಯುವ ಮುನ್ನ ಮಗಳಿಗೆ ಫೋನು ಮಾಡಿ ಕೇಳಿದೆ. ತಾಯಿಯನ್ನು ಕೇಳಿ ಒಂದು ವಾರದ ಮೇಲೆ, "ಬರೀರಿ ಅಂದಾಳ" ಎಂದಷ್ಟೇ ತಿಳಿಸಿದಳು. ಕಾಕೂ ಎನ್ನಲಿಲ್ಲ.

ಕಳೆದ ತಿಂಗಳು ಒಂದು ಸಭೆಯಲ್ಲಿ ಮತ್ತೆ ಒಂಬತ್ತನೆಯ ಅಧ್ಯಾಯ ಓದಿ ಎಂದರು. ಆಗುವುದಿಲ್ಲ ಎಂದೆ, ಬೇರೆ ಅಧ್ಯಾಯ ಓದಿದೆ. ಅಧ್ಯಕ್ಷತೆ ವಹಿಸಿದ್ದವರು ಕೊನೆಗೆ ಎದ್ದು ನಿಂತು, ಜನ ಅಷ್ಟು ಮೆಚ್ಚಿದ್ದನ್ನು ತಾವೇ ಓದಿ ಹೊಗಳಿಸಿಕೊಳ್ಳಲು ಒಲ್ಲದ ಹಿರಿಯರು ಇವರು, ಇದೇ ವಿನಯ ಎಂದು ಹೇಳಿದರು. ಸಭೆಯವರು ಚಪ್ಪಾಳೆ ತಟ್ಟಿದರು. ನಾನು ಎದ್ದು ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ, ಕೈ ಮುಗಿದು ಕೂತೆ.